ವೆಂಟ್‌ನ್ಯಾಗ ಗೋ ಎಲ್ಲಿ ಹೋತ್ರಿ?

ಬೆಳಗಾವಿಯ ಶಹಾಪುರದಲ್ಲಿರುವ ನಮ್ಮ ಮನೆಯ ಮಾಳಿಗೆಯ ಮೇಲೆ ಸಂಜೆ ಆರರಿಂದ ಏಳೂವರೆಯವರೆಗೆ ಓಣಿಯ ಎಂಟ್ಹತ್ತು ಮಕ್ಕಳು ಇಂಗ್ಲಿಷ್ ಕಲಿಯಲು ಬಂದು ಕೂಡುತ್ತಾರೆ. ಬೈಲಹೊಂಗಲ ಮತ್ತು ಸವದತ್ತಿ ತಾಲೂಕಿನ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಅದೇ ವಿಷಯವನ್ನು ಕಲಿಸಿ ನಿವೃತ್ತನಾದ ಮೇಲೆ ಸುಮ್ಮನೆ ಕೂಡುವುದು ನನಗೆ ಬಾರದೆ ಹೋದದ್ದರಿಂದ ಶುರುವಾದ ಪಾಠವಿದು. ಕಳೆದ ತಿಂಗಳು ಒಂದು ಸಂಜೆ ಕ್ರಿಯಾಪದಗಳ ಮೂರು ರೂಪಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ, ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಪೆನ್ನು ಕೆಳಗಿಟ್ಟು ಕೇಳಿದಳು: “ಸರ, ‘ಕೇಮ್’ನ್ಯಾಗ ‘ಕಮ್’ ಕಾಣಸ್ತೈತಿ, ‘ಏಟ್’ನ್ಯಾಗ ‘ಈಟ್’ ಕಾಣಸ್ತೈತಿ. ‘ವೆಂಟ್’ನ್ಯಾಗ ‘ಗೋ’ ಎಲ್ಲಿ ಹೋತ್ರಿ?”

ಮೂವತ್ತೊಂದು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ನನಗೆ ಕೇಳಿರಲಿಲ್ಲ. ಅದಕ್ಕಿಂತ ನಾಚಿಕೆಯ ಮಾತೆಂದರೆ, ವಿದ್ಯಾರ್ಥಿಯಾಗಿದ್ದಾಗ ನಾನೂ ಯಾರಿಗೂ ಕೇಳಿರಲಿಲ್ಲ. ಐದನೆಯ ಇಯತ್ತೆಯಲ್ಲಿ ಎ ಬಿ ಸಿ ಡಿ ತಿದ್ದಲು ಹಿಡಿದು, ಮುಂದೆ ‘ಗೋ ವೆಂಟ್ ಗಾನ್’ ಎಂದು ಮಗ್ಗಿಯ ರಾಗದಲ್ಲಿ ಒಪ್ಪಿಸಿದ ಪೀಳಿಗೆ ನಮ್ಮದು. ಒಪ್ಪಿಸುವುದು ತಪ್ಪಿದರೆ ಬೆನ್ನ ಮೇಲೆ ಬೀಳುತ್ತಿತ್ತೇ ಹೊರತು, ಅದು ಹಾಗೇಕೆ ಎಂದು ವಿಚಾರ ಮಾಡಲು ಪುರಸೊತ್ತು ಸಿಗುತ್ತಿರಲಿಲ್ಲ.

ಆ ಹುಡುಗಿಗೆ ಅಂದು ನಾನು ಹೇಳಿದ ಉತ್ತರ ಇಷ್ಟು. ವೆಂಟ್ ಎಂಬುದು ಗೋದ ಹೊಟ್ಟೆಯಲ್ಲಿ ಹುಟ್ಟಿದ ಮಗುವಲ್ಲ. ಬೇರೆ ಮನೆಯಿಂದ ದತ್ತಕ ಬಂದದ್ದು. ಇಂಗ್ಲಿಷಿನಲ್ಲಿ ವೆಂಡ್ ಎಂಬ ಇನ್ನೊಂದು ಕ್ರಿಯಾಪದವಿತ್ತು. ತಿರುಗು, ದಾರಿ ಹಿಡಿದು ಸಾಗು ಎಂಬುದು ಅದರ ಅರ್ಥ. ಸೆಂಡ್‌ಗೆ ಸೆಂಟ್, ಬೆಂಡ್‌ಗೆ ಬೆಂಟ್, ಲೆಂಡ್‌ಗೆ ಲೆಂಟ್ ಇದ್ದ ಹಾಗೆ ಆ ವೆಂಡ್‌ಗೆ ವೆಂಟ್ ಇತ್ತು. ಗೋದ ಭೂತಕಾಲಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಏಓದೆ’ ಎಂಬ ರೂಪವಿತ್ತು, ಅದೂ ಗೋದ ರಕ್ತಸಂಬಂಧಿಯಲ್ಲ. ಅಂದರೆ ಈ ಮನೆಯಲ್ಲಿ ಮೊದಲಿನಿಂದಲೂ ದತ್ತಕವೇ! ಏಓದೆ ಕಾಲಕ್ರಮದಲ್ಲಿ ಸವೆದು ಸವೆದು ದುರ್ಬಲವಾಯಿತು, ದಕ್ಷಿಣ ಇಂಗ್ಲೆಂಡಿನಲ್ಲಿ 15ನೆಯ ಶತಮಾನದ ಹೊತ್ತಿಗೆ ಅದರ ಜಾಗದಲ್ಲಿ ವೆಂಟ್ ಬಂದು ಕೂತಿತು. ತನ್ನ ಮಗನನ್ನು ಕೊಟ್ಟುಬಿಟ್ಟ ವೆಂಡ್ ಈಗಲೂ ‘ವೆಂಡ್ ಯುವರ್ ವೇ’ ಎಂಬಂಥ ಒಂದೆರಡು ನುಡಿಗಟ್ಟುಗಳಲ್ಲಿ ಜೀವ ಹಿಡಿದುಕೊಂಡಿದೆ, ಭೂತಕಾಲಕ್ಕೆ ‘ವೆಂಡೆಡ್’ ಎಂಬ ಹೊಸದೊಂದನ್ನು ಮಾಡಿಕೊಂಡಿದೆ. ಸ್ಕಾಟ್ಲೆಂಡಿನ ಜನ ಮಾತ್ರ ಗೋದಿಂದಲೇ ‘ಗೇಡ್’ ಎಂದು ಮಾಡಿಕೊಂಡು ತಮ್ಮ ಹಾದಿಯಲ್ಲಿ ತಾವು ನಡೆದರು.

ಇಂಗ್ಲಿಷರ ಮನೆಯ ಮಕ್ಕಳೂ ಮೂರು ನಾಲ್ಕನೆಯ ವಯಸ್ಸಿನಲ್ಲಿ ‘ಗೋಡ್’ ಎನ್ನುತ್ತಾರೆ. ನಿಯಮವನ್ನು ಕಲಿತ ಮಗು ಅದನ್ನು ಎಲ್ಲ ಕಡೆಗೂ ಹಚ್ಚುತ್ತದೆ, ಅಷ್ಟೆ. ನನ್ನ ಶಾಲೆಗಳಲ್ಲಿ ಹಾಗೆ ಬರೆದ ಎಷ್ಟು ಹುಡುಗರ ಉತ್ತರಗಳ ಮೇಲೆ ನಾನು ಕೆಂಪು ಗೀಟು ಎಳೆದು, ಬದಿಗೆ ‘ದಡ್ಡ’ ಎಂದೂ ಬರೆದಿದ್ದೇನೋ, ಈಗ ನೆನೆದರೆ ಕೆಡುಕೆನಿಸುತ್ತದೆ. ಗೀಟು ಸರಿ, ದಡ್ಡ ಎಂದದ್ದು ಸರಿಯಲ್ಲ.

ಇಂಥದನ್ನು ತಿಳಿಸಲು ಬೆಳಗಾವಿಯಂಥ ಅನುಕೂಲದ ಊರು ಬೇರೆ ಇಲ್ಲ. ನನ್ನ ಎದುರು ಕೂತವರಲ್ಲಿ ಮೂವರ ಮನೆಮಾತು ಮರಾಠಿ, ಉಳಿದವರಿಗೂ ಓಣಿಯಲ್ಲಿ ಆಡಿ ಬಂದ ಮರಾಠಿಯಿದೆ. “ಮರಾಠಿಯೊಳಗ ಹೋಗುತ್ತೇನೆ ಅನ್ನೂದಕ್ಕ ಏನಂತೀರಿ?” ಎಂದು ಕೇಳಿದೆ. “ಜಾತೋ” ಎಂದರು. “ಹೋದ ಅನ್ನೂದಕ್ಕ?” “ಗೇಲಾ.” ಮರುಕ್ಷಣ ಹಿಂದಿನ ಸಾಲಿನ ಹುಡುಗನೊಬ್ಬ ಕಣ್ಣು ದೊಡ್ಡದು ಮಾಡಿ, ‘ಜಾ’ ಎಲ್ಲಿ, ‘ಗೇ’ ಎಲ್ಲಿ ಎಂದು ತನಗೆ ತಾನೇ ನಗತೊಡಗಿದ. ಹುಟ್ಟಿದಾಗಿನಿಂದ ಆಡಿದ ಮಾತು. ಒಡಕು ಇವತ್ತು ಕಂಡಿತ್ತು. ಸಂಸ್ಕೃತದ ‘ಯಾ’ ಧಾತುವಿನಿಂದ ಜಾತೋ ಬಂದಿದೆ, ‘ಗಮ್’ ಧಾತುವಿನ ‘ಗತ’ದಿಂದ ಗೇಲಾ ಬಂದಿದೆ, ಹಿಂದಿಯ ಜಾತಾ ಮತ್ತು ಗಯಾ ಕೂಡ ಹೀಗೆಯೇ. ಫ್ರೆಂಚರಂತೂ ಇದೊಂದೇ ಕ್ರಿಯೆಗೆ ‘ವೇ’, ‘ಅಲೋಂ’, ‘ಇರೇ’ ಎಂದು ಮೂರು ಬೇರೆ ಬೇರೆ ಬೇರುಗಳಿಂದ ರೂಪಗಳನ್ನು ತಂದು ಸಂಸಾರ ಹೂಡಿದ್ದಾರೆ. ಅತಿಯಾಗಿ ಬಳಕೆಯಾಗುವ ಮಾತುಗಳಲ್ಲಿಯೇ ಇಂಥ ಅಡ್ಡಾದಿಡ್ಡಿ ರೂಪಗಳು ಉಳಿಯುತ್ತವೆ, ಏಕೆಂದರೆ ದಿನಕ್ಕೆ ನೂರು ಸಲ ಕಿವಿಗೆ ಬೀಳುವುದನ್ನು ನೆನಪಿಡಲು ಯಾವ ನಿಯಮದ ಆಸರೆಯೂ ಬೇಕಾಗುವುದಿಲ್ಲ.

ನಮ್ಮ ಕನ್ನಡದ ‘ಹೋಗು’ ಈ ವಿಷಯದಲ್ಲಿ ಸಭ್ಯ ಗೃಹಸ್ಥ. ಹಳಗನ್ನಡದಲ್ಲಿ ಅದು ‘ಪೋಗು’ ಆಗಿತ್ತು. ಪಾಲು ಹಾಲಾದಂತೆ, ಪೂ ಹೂವಾದಂತೆ ಪಕಾರ ಹಕಾರವಾಗಿ ಅದು ಹೋಗು ಆಯಿತು, ತಮಿಳು ಮತ್ತು ತೆಲುಗಿನವರು ‘ಪೋ’ ಎಂದೇ ಉಳಿಸಿಕೊಂಡರು. ಪೋದಂ ಹೋದ ಆಯಿತು, ನಮ್ಮ ಕಡೆಗೆ ಹೋಯಿತು ‘ಹೋತು’ ಆಯಿತು. ಎಷ್ಟೇ ಸವೆದರೂ ಬೇರು ಒಂದೇ.

ಈ ಬೇರಿನ ಮಾತಿನಿಂದಲೇ ಇನ್ನೊಂದು ಹಳೆಯ ರೋಗಕ್ಕೆ ನನಗೆ ಮದ್ದು ಸಿಕ್ಕಿತು. ‘ಐ ಡಿಡ್ ನಾಟ್ ವೆಂಟ್’ ಎಂದು ಬರೆಯದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ನಡೆದುಹೋದ ಕಾಲದ ಮಾತಲ್ಲವೇ, ಹಾಗಾದರೆ ವೆಂಟ್ ಇರಲೇಬೇಕು ಎಂಬುದು ಅವರ ತರ್ಕ. ಡಿಡ್ ಎಂಬುದೇ ಭೂತಕಾಲದ ಭಾರವನ್ನು ಹೊತ್ತುಕೊಂಡಿರುವುದರಿಂದ ಗೋ ಬರಿಗೈಯಲ್ಲಿ ನಿಲ್ಲಬಹುದು ಎಂದು ಮೂರು ದಶಕ ಗಂಟಲು ಹರಿದುಕೊಂಡು ಹೇಳಿದೆ. ಪರೀಕ್ಷೆಯ ದಿನ ವೆಂಟ್ ಮತ್ತೆ ಹಾಜರಾಗುತ್ತಿತ್ತು. ಆ ಸಂಜೆ ಬೇರೆ ರೀತಿಯಲ್ಲಿ ಕೇಳಿದೆ. ಕನ್ನಡದಲ್ಲಿ ‘ಹೋದೆ’ ಎಂಬುದನ್ನು ಅಲ್ಲಗಳೆಯಲು ಏನನ್ನುತ್ತೀರಿ? ‘ಹೋಗಲಿಲ್ಲ.’ ಅದರಲ್ಲಿ ‘ಹೋದ’ ಎಲ್ಲಿದೆ? ಯಾರಾದರೂ ‘ಹೋದಲಿಲ್ಲ’ ಎಂದಾರೇ? ಮಕ್ಕಳು ಗೊಳ್ಳೆಂದು ನಕ್ಕರು. ಅಲ್ಲಗಳೆಯುವಾಗ ನಾವು ಕೂಡ ಕ್ರಿಯಾಪದವನ್ನು ಅದರ ಮೂಲ ರೂಪಕ್ಕೆ ತಿರುಗಿಸಿ, ಉಳಿದ ಕೆಲಸವನ್ನು ‘ಇಲ್ಲ’ಕ್ಕೆ ವಹಿಸುತ್ತೇವೆ. ಡಿಡ್ ನಾಟ್ ವೆಂಟ್ ಎಂದರೆ ಹೋದಲಿಲ್ಲ. ಅಂದಿನಿಂದ ಈ ಮಾಳಿಗೆಯ ಮೇಲೆ ಆ ತಪ್ಪು ಬಹುಮಟ್ಟಿಗೆ ನಿಂತಿದೆ, ಯಾರಾದರೂ ಬರೆದರೆ ಉಳಿದವರೇ ‘ಹೋದಲಿಲ್ಲ, ಹೋದಲಿಲ್ಲ’ ಎಂದು ಕಾಡಿಸುತ್ತಾರೆ. ಇದನ್ನು 1989ರಲ್ಲಿಯೇ ಹೊಳೆಸಿಕೊಂಡಿದ್ದರೆ ಎಷ್ಟೋ ಮಕ್ಕಳ ಅಂಕಗಳು ಉಳಿಯುತ್ತಿದ್ದವು.

ಗೋ ಎಂದರೆ ಹೋಗು ಎಂದು ನಾವು ಬರೆಸಿಬಿಡುತ್ತೇವೆ. ಅದು ಅರ್ಧ ಸತ್ಯ. ಒಂದು ಕಾಲದಲ್ಲಿ ಇಂಗ್ಲಿಷಿನ ಗೋಗೆ ‘ನಡೆ’ ಎಂಬ ಅರ್ಥವೂ ಇತ್ತು. ಕುದುರೆಯ ಮೇಲೆ ಹೋಗುವುದಕ್ಕೆ ಒಂದು ಮಾತು, ಕಾಲ್ನಡಿಗೆಗೆ ಗೋ. 17ನೆಯ ಶತಮಾನದಲ್ಲಿ ‘ಗೋ ಕಾರ್ಟ್’ ಎಂದರೆ ಈಗಿನ ಹಾಗೆ ಹುಡುಗರು ಜೋರಾಗಿ ಓಡಿಸುವ ಪುಟ್ಟ ಕಾರಲ್ಲ, ಮಗು ಹಿಡಿದು ನಡೆಯಲು ಕಲಿಯುವ ಗಾಲಿಯ ಚೌಕಟ್ಟು. ನಮ್ಮ ಮನೆಗಳಲ್ಲಿ ಮಗುವಿಗೆ ವರ್ಷ ತುಂಬುವ ಹೊತ್ತಿಗೆ ತರುವ ಮೂರು ಗಾಲಿಯ ಕಟ್ಟಿಗೆಯ ಗಾಡಿ ಉಂಟಲ್ಲ, ಅಂಥದೇ. ಆ ನಡೆಯುವ ಅರ್ಥ ಗೋದಿಂದ ಜಾರಿಹೋದರೂ ಅದರ ವಾಸನೆ ಉಳಿದಿದೆ. ಗಡಿಯಾರ ಗೋ ಆಗುತ್ತದೆ, ವ್ಯಾಪಾರ ಗೋ ಆಗುತ್ತದೆ, ‘ಹೌ ಈಸ್ ಇಟ್ ಗೋಯಿಂಗ್’ ಎಂದು ಭೇಟಿಯಾದವರು ಕೇಳುತ್ತಾರೆ. ಇಲ್ಲೆಲ್ಲ ಹೋಗು ಎಂದು ಅರ್ಥ ಹಚ್ಚಿದರೆ ಕೈಗೆ ಏನೂ ಹತ್ತುವುದಿಲ್ಲ. ಆದರೆ ಖಡೇ ಬಜಾರಿನಲ್ಲಿ ಎದುರಾದ ಪರಿಚಯದವರು ನಮಗೆ ಏನು ಕೇಳುತ್ತಾರೆ? “ಹೆಂಗ ನಡದೈತ್ರಿ?” ಅಂಗಡಿ ನಡೆಯುತ್ತದೆ, ಕಾರಖಾನೆ ನಡೆಯುತ್ತದೆ, ಮದುವೆ ನಡೆಯುತ್ತದೆ, ಜಗಳವೂ ನಡೆಯುತ್ತದೆ. ಎಲ್ಲರೂ ಎದ್ದು ಹೊರಡಬೇಕಾದಾಗ ನಾವು ‘ನಡೀರಿ’ ಎನ್ನುತ್ತೇವೆ. ‘ಲೆಟ್ಸ್ ಗೋ’ ಎಂಬುದಕ್ಕೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಕಾಣೆ. ಗೋ ಎಂಬ ಒಂದು ಅಂಗಿಯೊಳಗೆ ನಮ್ಮ ಹೋಗು ಮತ್ತು ನಡೆ ಇಬ್ಬರೂ ಇದ್ದಾರೆ.

ಮೂರನೆಯವನೂ ಇದ್ದಾನೆ. ಜೂನ್ ತಿಂಗಳಲ್ಲಿ ಖಾನಾಪುರದ ದಿಕ್ಕಿನಿಂದ ಕಪ್ಪು ಮೋಡ ಏರಿ ಬಂದಾಗ, ಕಿಟಕಿ ತೋರಿಸಿ ‘ಇಟ್ ಈಸ್ ಗೋಯಿಂಗ್ ಟು ರೇನ್’ ಎಂದು ಬರೆಸಿದ್ದೆ. ಐದನೆಯ ಇಯತ್ತೆಯ ಪುಟ್ಟನೊಬ್ಬ, “ಮಳಿ ಎಲ್ಲಿ ಹೊಂಟೈತ್ರಿ ಸರ?” ಎಂದ. ನ್ಯಾಯವಾದ ಸಂದೇಹ. ಯಾರೂ ಎಲ್ಲಿಗೂ ಹೋಗದ ಈ ವಾಕ್ಯದಲ್ಲಿ ಗೋಯಿಂಗ್‌ಗೆ ಏನು ಕೆಲಸ? ಮೊದಮೊದಲು ಅದರಲ್ಲಿ ನಿಜವಾದ ಪಯಣವಿತ್ತು: ಇಂಥ ಕೆಲಸ ಮಾಡಲೆಂದು ಹೊರಟಿದ್ದೇನೆ, ದಾರಿಯಲ್ಲಿದ್ದೇನೆ ಎಂಬುದು. ದಾರಿಯಲ್ಲಿರುವವನು ಇನ್ನು ಸ್ವಲ್ಪ ಹೊತ್ತಿಗೆ ಆ ಕೆಲಸ ಮಾಡುವುದು ಖಾತ್ರಿಯಾದ್ದರಿಂದ, 15ನೆಯ ಶತಮಾನದ ಕೊನೆಯ ಹೊತ್ತಿಗೆ ಬರಿಯ ಭವಿಷ್ಯದ ಅರ್ಥ ಅದರಲ್ಲಿ ಇಣುಕತೊಡಗಿತು, 17ನೆಯ ಶತಮಾನದ ವ್ಯಾಕರಣಕಾರರು ಅದನ್ನು ಗುರುತಿಸಿ ಬರೆದರು. ಕಾಲುಗಳು ಸವೆದುಹೋಗಿ ಕಾಲ ಮಾತ್ರ ಉಳಿಯಿತು. ಈಗ ಮಾತಿನಲ್ಲಿ ಅದು ‘ಗೊನ್ನ’ ಆಗಿ ಮತ್ತಷ್ಟು ಸವೆದಿದೆ.

ಇದನ್ನು ವಿವರಿಸುವಾಗ ಕನ್ನಡದಲ್ಲಿ ಇಂಥದಿಲ್ಲ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಇರುವುದೇನಿದ್ದರೂ ‘ಹೇಳಾಕ ಹೋಗಿ ಬೈಸಿಕೊಂಡೆ’ ಎಂಬಂಥದು, ಅಲ್ಲಿ ಹೋಗು ಎಂದರೆ ಪ್ರಯತ್ನ, ಅದೂ ಹೆಚ್ಚಾಗಿ ಕೈಸುಟ್ಟುಕೊಂಡ ಪ್ರಯತ್ನ. ಆದರೆ ನಮ್ಮ ಓಣಿಯ ಕೊನೆಗಿರುವ ಹಳೆಯ ಮನೆಯೊಂದನ್ನು ತೋರಿಸಿ ಮೊಸರು ಮಾರುವ ಹೆಂಗಸು ಒಂದು ಮುಂಜಾನೆ, “ಆ ಗ್ವಾಡಿ ಬೀಳಾಕ ಹೊಂಟೈತ್ರಿ, ಮಕ್ಕಳನ್ನ ಆ ಕಡೆ ಬಿಡಬ್ಯಾಡ್ರಿ” ಎಂದಳು. ಬೀಳಾಕ ಹೊಂಟೈತಿ! ಗೋಡೆ ನಿಂತಲ್ಲೇ ನಿಂತಿದೆ, ಆದರೂ ಹೊರಟಿದೆ. ಬೀಳುವ ಗುರುತು ಕಣ್ಣಿಗೆ ಕಾಣುತ್ತಿರುವಾಗ ಆಡುವ ಮಾತದು. ಇಂಗ್ಲಿಷಿನವರೂ ಮೋಡ ಕಂಡಾಗಲೇ ಗೋಯಿಂಗ್ ಟು ಎನ್ನುವುದು, ಮನಸ್ಸಿನ ಅಂದಾಜಿಗೆ ವಿಲ್ ಎನ್ನುವುದು ಹೆಚ್ಚು. ಹೊಂಟೈತಿ ಮತ್ತು ಗೋಯಿಂಗ್ ಟು ಒಂದೇ ಹಾದಿಯಲ್ಲಿ ನಡೆದು ಬಂದಿವೆ, ಒಂದಕ್ಕೊಂದು ಗುರುತಿಲ್ಲದೆ. ಗ್ರಂಥಸ್ಥ ಕನ್ನಡದಲ್ಲಿ ಇದನ್ನು ಹುಡುಕುತ್ತ ಕೂತವನಿಗೆ ಅದು ಮೊಸರಿನ ಗಡಿಗೆಯ ಜೊತೆ ಬಾಗಿಲಿಗೆ ಬಂದಿತ್ತು.

ಕೆಲವು ಸಣ್ಣ ತೊಡಕುಗಳನ್ನು ಬೇಗ ಮುಗಿಸುತ್ತೇನೆ. ಮನೆಗೆ ಹೋಗು ಎಂಬುದರ ‘ಗೆ’ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿರುವುದರಿಂದ ‘ಗೋ ಟು ಹೋಮ್’ ಎಂದು ಬರೆಯುತ್ತೇವೆ. ಆ ಹೋಮ್ ಹಳೆಯ ಇಂಗ್ಲಿಷಿನಲ್ಲಿಯೇ ‘ಮನೆಯ ಕಡೆಗೆ’ ಎಂಬ ದಿಕ್ಕಿನ ಅರ್ಥವನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿತ್ತು, ಹೀಗಾಗಿ ಅದಕ್ಕೆ ಟು ಬೇಡ. ‘ಮ್ಯಾಲ ಹೋಗು’ ಎನ್ನುವಾಗ ನಾವು ‘ಮ್ಯಾಲಕ್ಕೆ’ ಎನ್ನದೆಯೂ ಸಾಗುತ್ತದಲ್ಲ, ಹಾಗೆ. ‘ಗೋ ಫಾರ್ ಶಾಪಿಂಗ್’ ಎಂಬುದರ ಫಾರ್ ಕೂಡ ನಮ್ಮ ‘ಸಂತಿಗೆ ಹೋಗು’ ಎಂಬುದರ ಮರಿ, ಅಲ್ಲಿ ಅದು ‘ಗೋ ಶಾಪಿಂಗ್’ ಅಷ್ಟೇ. ಹುಡುಗ ಕಲಿಯಲು ಹೋದರೆ ‘ಗೋ ಟು ಸ್ಕೂಲ್’, ಅವನ ಅಪ್ಪ ಫೀ ತುಂಬಲು ಅದೇ ಕಟ್ಟಡಕ್ಕೆ ಹೋದರೆ ‘ಗೋ ಟು ದ ಸ್ಕೂಲ್’. ನಮಗೆ ಎರಡೂ ‘ಸಾಲಿಗೆ ಹೋಗೂದು’.

ಹಾಲಿನ ವಿಷಯ ಹಾಗಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಹಾಲು ಒಡೆದು ಹೋಯಿತು, ತಲೆ ಕೆಟ್ಟು ಹೋಯಿತು, ಕಣ್ಣು ಹೋದವು, ಮಾನ ಹೋಯಿತು ಎಂದು ಕೆಡುವುದನ್ನೆಲ್ಲ ನಾವು ಹೋಗುವಿಗೆ ಒಪ್ಪಿಸಿದ್ದೇವೆ. ಇಂಗ್ಲಿಷಿನಲ್ಲಿಯೂ ಹಾಲು ಗೋ ಸಾವರ್, ಮನುಷ್ಯ ಗೋ ಮ್ಯಾಡ್, ಗೋ ಬ್ಲೈಂಡ್, ಗೋ ಬಾಲ್ಡ್. ಒಳ್ಳೆಯದಾಗುವಾಗ ಮಾತ್ರ ಕಮ್: ಕನಸು ಕಮ್ ಟ್ರೂ, ಕಥೆ ಕಮ್ ಅಲೈವ್. ನಮ್ಮಲ್ಲಿಯೂ ಬುದ್ಧಿ ಬರುತ್ತದೆ, ಮಾವು ಹಣ್ಣಿಗೆ ಬರುತ್ತದೆ, ಪೀಕು ಕೈಗೆ ಬರುತ್ತದೆ. ಈವ್ ಕ್ಲಾರ್ಕ್ ಎಂಬ ಭಾಷಾವಿಜ್ಞಾನಿ 1974ರ ಒಂದು ಲೇಖನದಲ್ಲಿ ಇದರ ಒಳಗುಟ್ಟನ್ನು ಹಿಡಿದಿದ್ದಾರೆ: ಮಾತಾಡುವವನು ನಿಂತ ಜಾಗವೇ ಸಹಜ ಸ್ಥಿತಿ, ಅಲ್ಲಿಂದ ದೂರವಾಗುವುದು ಗೋ, ಅಲ್ಲಿಗೆ ಮರಳುವುದು ಕಮ್. ಹೀಗಾಗಿ ಮೈಯ ಕಾವು ಏರುವುದು ‘ವೆಂಟ್ ಅಪ್’, ಇಳಿದು ಸರಿಯಾಗುವುದು ‘ಕೇಮ್ ಡೌನ್’. ನಾವು ಮಾತ್ರ ಇಲ್ಲಿ ತಿರುಗಿ ನಿಂತಿದ್ದೇವೆ: ನಮಗೆ ಜ್ವರ ಬರುತ್ತದೆ, ಆಮೇಲೆ ಹೋಗುತ್ತದೆ. ಅವರು ಪಾದರಸವನ್ನು ನೋಡುತ್ತಾರೆ, ನಾವು ಜ್ವರವನ್ನೇ ಕರೆಯದೆ ಬಂದ ಬೀಗರಂತೆ ನೋಡುತ್ತೇವೆ. ಈಚೆಗೆ ಬಂದಿರುವ ‘ಗೋ ವೈರಲ್’, ‘ಗೋ ಲೈವ್’ ಎಂಬವು ಈ ಲೆಕ್ಕಕ್ಕೆ ಬಗ್ಗುವುದಿಲ್ಲ, ಇರಲಿ.

‘ಗೋ ಆಫ್’ ಕೂಡ ಒಮ್ಮೆ ನನ್ನ ತರಗತಿಯನ್ನೇ ಎರಡು ಪಂಗಡ ಮಾಡಿತ್ತು. ದೀಪ ವೆಂಟ್ ಆಫ್ ಎಂದರೆ ಆರಿತು; ಹಾಗಾದರೆ ಅಲಾರ್ಮ್ ವೆಂಟ್ ಆಫ್ ಎಂದರೆ ನಿಂತಿತು ಎಂದು ಬಹುತೇಕರು ವಾದಿಸಿದರು. ವಾಸ್ತವವಾಗಿ ಅಲಾರ್ಮ್ ಹೊಡೆಯಿತು ಎಂದು ಅರ್ಥ. ಬಂದೂಕು, ಪಟಾಕಿ, ಅಲಾರ್ಮ್ ಇವೆಲ್ಲ ಬಿಗಿದಿಟ್ಟ ಸ್ಥಿತಿಯಲ್ಲಿರುವವು. ಆ ಬಿಗಿ ಬಿಟ್ಟು ಸಿಡಿಯುವುದು ಅವುಗಳ ಗೋ ಆಫ್, ನಮ್ಮಲ್ಲಿ ಗುಂಡು ‘ಹಾರು’ವ ಹಾಗೆ. ದೀಪವಾದರೋ ಬೆಳಗುತ್ತಿರುವುದೇ ಅದರ ಸ್ಥಿತಿ, ಅದನ್ನು ಬಿಟ್ಟರೆ ಕತ್ತಲೆ.

ಹೋಗುವುದಕ್ಕೆ ಸಾವಿನ ನೆರಳಿರುವುದು ಎರಡೂ ಭಾಷೆಗಳಲ್ಲಿ ಸಮಾನ, ನನಗೆ ಅದು ತಿಳಿದದ್ದು ಫಜೀತಿಯ ಮೂಲಕ. 1987ರಲ್ಲಿ, ಮಾಸ್ತರಿಕೆ ಸಿಗುವ ಮೊದಲು, ಪುಣೆಯ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದೆ. ಸಂಜೆ ಸಾಹೇಬರು ಮನೆಗೆ ಹೋದ ಮೇಲೆ ಫೋನು ಬಂತು. ಇಂಗ್ಲಿಷಿನಲ್ಲಿ ಫೋನ್ ಎತ್ತುವುದೆಂದರೆ ಆಗ ನನಗೆ ಎದೆ ಡವಗುಟ್ಟುತ್ತಿತ್ತು. ಆ ಕಡೆಯವರು ಸಾಹೇಬರನ್ನು ಕೇಳಿದರು. ನಾನು ನಡುಗುವ ಸಣ್ಣ ದನಿಯಲ್ಲಿ “ಹೀ ಈಸ್ ಗಾನ್, ಸರ್” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ “ವೆನ್?” ಎಂದರು. “ಹಾಫ್ ಆನ್ ಅವರ್, ಸರ್.” ಮತ್ತೆ ಮೌನ. “ಮೈ ಗಾಡ್. ಹೌ?” ನಾನು ಪ್ರಾಮಾಣಿಕವಾಗಿ “ಆನ್ ಸ್ಕೂಟರ್, ಸರ್” ಎಂದೆ. ಸ್ಕೂಟರಿನ ಮೇಲೆ ಸಾಹೇಬರಿಗೆ ಏನೋ ಆಗಬಾರದ್ದು ಆಗಿದೆ ಎಂದು ತಿಳಿದ ಆ ಮನುಷ್ಯರು ನೇರವಾಗಿ ಸಾಹೇಬರ ಮನೆಗೆ ಧಾವಿಸಿದರಂತೆ, ಬಾಗಿಲು ತೆರೆದವರು ಸಾಹೇಬರೇ. ಮರುದಿನ ನನಗೆ ಸಿಕ್ಕ ಪ್ರಸಾದವನ್ನು ಇಲ್ಲಿ ಬರೆಯುವುದಿಲ್ಲ. ‘ಹೀ ಹ್ಯಾಸ್ ಲೆಫ್ಟ್ ಫಾರ್ ದ ಡೇ’ ಎಂಬ ವಾಕ್ಯವನ್ನು ಅಂದು ಕಲಿತವನು ಇಂದಿಗೂ ಮರೆತಿಲ್ಲ.

ಆದರೆ ಅದೇ ತಪ್ಪನ್ನು ಕನ್ನಡದಲ್ಲಿ ನಾನು ಮಾಡುತ್ತಿರಲಿಲ್ಲ, ಮಾಡಲು ಅವ್ವ ಬಿಡುತ್ತಿರಲಿಲ್ಲ. ಬಗಲಿಗೆ ಚೀಲ ಹಾಕಿಕೊಂಡು ಹೊಸ್ತಿಲ ಹತ್ತಿರ “ಹೊಕ್ಕೇನಿ” ಎಂದರೆ ಒಲೆಯ ಮುಂದಿನಿಂದಲೇ ಗದರುತ್ತಿದ್ದಳು: “ಹೊಕ್ಕೇನಿ ಅನಬಾರದು, ಬರ್ತೇನಿ ಅನ್ನು.” ‘ಅಜ್ಜ ಹೋದ’ ಎಂದರೆ ಅಜ್ಜ ತೀರಿದ ಎಂದೇ ತಿಳಿಯುವ ನುಡಿಯಲ್ಲಿ ಹೊಸ್ತಿಲ ಮೇಲೆ ನಿಂತು ಆ ಮಾತನ್ನು ಒಂಟಿಯಾಗಿ ಬಿಡುವ ಧೈರ್ಯ ಯಾರಿಗಿದೆ? ನಮ್ಮ ಬದಿಯ ಮನೆಯ ಮರಾಠಿಯವರೂ ಹೊರಡುವಾಗ ‘ಯೇತೋ’, ಹೆಣ್ಣುಮಕ್ಕಳಾದರೆ ‘ಯೇತೇ’ ಎನ್ನುತ್ತಾರೆ, ಅಂದರೆ ಬರುತ್ತೇನೆ ಎಂದೇ. ತಮಿಳರದೂ ‘ಪೋಯಿಟ್ಟು ವರೇನ್’. ಇದನ್ನೇ ಇಂಗ್ಲಿಷಿಗೆ ಸಾಗಿಸಿ ನನ್ನ ಹುಡುಗನೊಬ್ಬ ಪಾಠ ಮುಗಿದ ಮೇಲೆ ಚಪ್ಪಲಿ ಮೆಟ್ಟುತ್ತ “ಐ ಆಮ್ ಕಮಿಂಗ್, ಸರ್” ಎಂದು ಹೇಳಿ ಹೋಗುತ್ತಾನೆ. ಇಂಗ್ಲಿಷಿನ ಕಮ್ ಮಾತಾಡುವವನ ಕಡೆಗೆ ಇಲ್ಲವೇ ಕೇಳುವವನ ಕಡೆಗೆ ಬರುವ ಚಲನೆ. ಬೆನ್ನು ತೋರಿಸಿ ಇಳಿಯುವಾಗ ಅದು ಒಪ್ಪುವುದಿಲ್ಲ. ತಿದ್ದಬೇಕು, ತಿದ್ದಿದ್ದೇನೆ ಕೂಡ. ಆದರೆ ಅದರ ಜಾಗದಲ್ಲಿ ಇಡಲು ಅಷ್ಟೇ ತೂಕದ ಒಂದು ವಾಕ್ಯ ಇಂಗ್ಲಿಷಿನಲ್ಲಿ ನನಗೆ ಸಿಕ್ಕಿಲ್ಲ.

ಒಂದು ತಮಾಷೆಯ ನಂಟನ್ನು ಇಲ್ಲೇ ಹೇಳಬೇಕು. ಗೋ ಮತ್ತು ಗಮನ ಎರಡರಲ್ಲೂ ಗಕಾರ ಕಂಡು ಇವೆರಡೂ ಸಂಬಂಧಿಕರೆಂದು ನಾನು ನಂಬಿದ್ದೆ, ಒಂದೆರಡು ಸಲ ತರಗತಿಯಲ್ಲಿ ಹೇಳಿಯೂ ಬಿಟ್ಟಿದ್ದೆ. ಅದು ತಪ್ಪು. ಸಂಸ್ಕೃತದ ಗಮ್ ಧಾತುವಿನ ನಿಜವಾದ ದಾಯಾದಿ ಇಂಗ್ಲಿಷಿನ ಕಮ್! ಒಂದೇ ಮೂಲದ ಮಾತು ಆ ಕಡೆ ಬರುವುದಾಯಿತು, ಈ ಕಡೆ ಹೋಗುವುದಾಯಿತು. ನಮ್ಮ ರೈಲು ನಿಲ್ದಾಣದಲ್ಲಿ ಅದು ಎರಡೂ ಕೆಲಸ ಮಾಡುತ್ತದೆ: ‘ಆ’ ಹಚ್ಚಿದರೆ ಆಗಮನ, ‘ನಿರ್’ ಹಚ್ಚಿದರೆ ನಿರ್ಗಮನ. ಗತಿಸಿದರು ಎಂದರೆ ಮಾತ್ರ ಮರಳುವ ಗಾಡಿಯಿಲ್ಲ.

ಹೋಗಿ ಬರುತ್ತೇನೆ ಎಂಬುದು ಇಂಗ್ಲಿಷಿಗೆ ಇಲ್ಲ ಎಂದೆ. ಹೊಸ್ತಿಲ ಮೇಲೆ ಇಲ್ಲ, ಆದರೆ ವ್ಯಾಕರಣದಲ್ಲಿ ಅದು ವೇಷ ಮರೆಸಿಕೊಂಡು ಕೂತಿದೆ. ಅವರು ‘ಹ್ಯಾಸ್ ಗಾನ್’ ಮತ್ತು ‘ಹ್ಯಾಸ್ ಬೀನ್’ ಎಂದು ಎರಡು ರೀತಿ ಹೇಳುತ್ತಾರೆ. ಅಪ್ಪ ಬೆಂಗಳೂರಿಗೆ ಹ್ಯಾಸ್ ಗಾನ್ ಎಂದರೆ ಇನ್ನೂ ಅಲ್ಲೇ ಇದ್ದಾರೆ, ಇಲ್ಲವೇ ದಾರಿಯಲ್ಲಿದ್ದಾರೆ. ಹ್ಯಾಸ್ ಬೀನ್ ಎಂದರೆ ಒಮ್ಮೆ ಹೋಗಿ ತಿರುಗಿ ಬಂದಿದ್ದಾರೆ. ಬೀನ್ ಎಂಬುದು ‘ಇರು’ ಎಂಬುದರ ರೂಪವಾದ್ದರಿಂದ ಅದಕ್ಕೂ ಹೋಗುವಿಕೆಗೂ ಏನು ಸಂಬಂಧವೆಂದು ಮಕ್ಕಳು ಕಣ್ಣು ಕಣ್ಣು ಬಿಡುತ್ತಾರೆ. ಬಹಳ ವರ್ಷ ನಾನೂ ಇದನ್ನು ‘ಅನುಭವ’, ‘ಪೂರ್ಣಗೊಂಡ ಕ್ರಿಯೆ’ ಎಂಬ ದೊಡ್ಡ ಮಾತುಗಳಲ್ಲಿ ಹೇಳಿ ಅವರಿಗೂ ನನಗೂ ನಿದ್ದೆ ತರಿಸಿದ್ದೇನೆ. ಈಗ ಎರಡೇ ಮಾತು ಬರೆಸುತ್ತೇನೆ: ಗಾನ್ ಎಂದರೆ ‘ಹೋಗ್ಯಾರ’, ಬೀನ್ ಎಂದರೆ ‘ಹೋಗಿ ಬಂದಾರ’. ಹುಡುಕುತ್ತಿದ್ದ ‘ಬಂದಾರ’ ಆ ‘ಇರು’ವಿನೊಳಗೆ ಅಡಗಿದೆ. ಹೋಗಿ ಅಲ್ಲಿ ಇದ್ದು, ಈಗ ಇಲ್ಲಿ ನಿಂತು ಅದನ್ನು ಹೇಳುತ್ತಿದ್ದಾನೆ.

ಇದನ್ನು ಕಲಿಸಿದ ಮರುದಿನ, ಮನೆಯವರ ಬಗ್ಗೆ ಒಂದೊಂದು ವಾಕ್ಯ ಬರೆದು ತರಲು ಹೇಳಿದ್ದೆ. ಆ ಎಂಟನೆಯ ಇಯತ್ತೆಯ ಹುಡುಗಿಯ ನೋಟುಬುಕ್ಕಿನಲ್ಲಿ ‘ಮೈ ಫಾದರ್ ಹ್ಯಾಸ್ ಗಾನ್ ಟು ಗೋವಾ’ ಎಂದಿತ್ತು. ಅವಳ ಅಪ್ಪ ಗೌಂಡಿ ಕೆಲಸದವರು. ಹಬ್ಬಕ್ಕೆಂದು ಗೋವಾದಿಂದ ಬಂದವರು ಎರಡು ದಿನದ ಹಿಂದೆಯಷ್ಟೇ ನನಗೆ ಕಿರಾಣಿ ಅಂಗಡಿಯ ಮುಂದೆ ಸಿಕ್ಕು ಮಾತಾಡಿಸಿದ್ದರು. ಹೀಗಾಗಿ ಕೆಂಪು ಪೆನ್ನು ತೆಗೆದು ಗಾನ್ ಎಂಬುದರ ಸುತ್ತ ಗುಂಡಗೆ ಗೆರೆ ಎಳೆದು, ನಿನ್ನೆಯ ಪಾಠವನ್ನು ಇಷ್ಟು ಬೇಗ ಮರೆತೆಯಾ, ಹೋಗಿ ಬಂದವರಿಗೆ ಏನು ಬರೆಯಬೇಕು ಎಂದು ಕೇಳಿದೆ. ಅವಳು ತಲೆ ಎತ್ತಲಿಲ್ಲ.

“ನಿನ್ನೆ ರಾತ್ರಿ ಮತ್ತ ಹ್ವಾದ್ರಿ ಸರ,” ಎಂದಳು. “ಚೋರ್ಲಾ ಘಾಟಿನ ಬಸ್ಸಿಗೆ.”

ನಾನು ಎಳೆದ ಗೆರೆಯನ್ನು ಹೊಡೆದು ಹಾಕಿ, ಬದಿಗೆ ಸರಿ ಎಂದು ಗುರುತು ಮಾಡಿ ನೋಟುಬುಕ್ಕನ್ನು ಅವಳ ಕಡೆಗೆ ಸರಿಸಿದೆ.